ಅಪರೂಪದ ಪೋಕರ್ ಆಟದಲ್ಲಿ ಗೆಲ್ಲುವುದು ಸುಲಭವೇ? ಎಲೆ ಎಣಿಸಿ ನೋಡೋಣ

ಕಕ್ಕಡ ತಿಂಗಳ ಮಳೆ ಹಿಡಿದರೆ ಗೋಣಿಕೊಪ್ಪಲಿನ ಸುತ್ತಮುತ್ತ ತೋಟದ ಕೆಲಸ ನಿಧಾನವಾಗುತ್ತದೆ. ಮನೆಯೊಳಗೆ ಕುಳಿತವರಿಗೆ ಹಿಂದೆ ಇಸ್ಪೀಟ್ ಕಟ್ಟು ಜೊತೆಗಿರುತ್ತಿತ್ತು, ಈಗ ಮೊಬೈಲ್ ಇದೆ. ಆ ಮೊಬೈಲ್‌ಗೆ ಬರುವ ಆನ್‌ಲೈನ್ ಆಟದ ಫಾರ್ವರ್ಡ್‌ಗಳಲ್ಲಿ ಮೂರು ಮಾತುಗಳು ಸಾಮಾನ್ಯ. ಒಂದು, ಬಡುಗಿ, ಟ್ರಿಪಲ್ ಡ್ರಾ ಮುಂತಾದ ಅಪರೂಪದ ಪೋಕರ್ ಆಟಗಳನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಎರಡು, ಅಲ್ಲಿ ಎಲ್ಲರೂ ಹೊಸಬರೇ ಆದ್ದರಿಂದ ಗೆಲ್ಲುವುದು ಸುಲಭ. ಮೂರು, ಇದು ಕೌಶಲದ ಆಟ, ಕಾನೂನಿನ ತೊಂದರೆ ಇಲ್ಲ.

ಮೊದಲನೆಯದು ಅರ್ಧ ನಿಜ. ಉಳಿದೆರಡನ್ನು ನಂಬಿದರೆ ಜೇಬಿಗೆ ಕತ್ತರಿ. ಯಾಕೆ ಎಂದು ನೋಡೋಣ.

ಡ್ರಾ ಎಂದರೇನು?

ಕೈಯಲ್ಲಿರುವ ಬೇಡದ ಎಲೆಗಳನ್ನು ಕೆಳಗಿಟ್ಟು, ಕಟ್ಟಿನಿಂದ ಅಷ್ಟೇ ಹೊಸ ಎಲೆ ತೆಗೆದುಕೊಳ್ಳುವುದೇ ಡ್ರಾ. ರಮ್ಮಿ ಆಡಿದವರಿಗೆ ಇದು ಹೊಸದಲ್ಲ. ಫೈವ್ ಕಾರ್ಡ್ ಡ್ರಾದಲ್ಲಿ ಒಮ್ಮೆ ಎಲೆ ಬದಲಿಸಬಹುದು, ಟ್ರಿಪಲ್ ಡ್ರಾದಲ್ಲಿ ಮೂರು ಸಲ. ಪ್ರತಿ ಬದಲಾವಣೆಯ ಹಿಂದೆ ಮುಂದೆ ಪಣ ಕಟ್ಟುವ ಸುತ್ತು ಇರುತ್ತದೆ.

ಮಿಕ್ಸ್ಡ್ ಗೇಮ್ ಎಂದರೆ ಒಂದೇ ಮೇಜಿನಲ್ಲಿ ಸರದಿಯ ಮೇಲೆ ಹಲವು ಆಟ. ಎಲೆ ಅವೇ 52, ಎದುರಾಳಿಗಳೂ ಅವರೇ. ಆದರೆ ಕೆಲವು ಕೈಗಳಾದ ಮೇಲೆ ಯಾವ ಕೈ ಗೆಲ್ಲುತ್ತದೆ ಎಂಬುದೇ ಬದಲಾಗಿಬಿಡುತ್ತದೆ.

ಒಂದೇ ಕೈ, ನಾಲ್ಕು ಆಟ

ನಿಮ್ಮ ಕೈಗೆ 3, 4, 5, 6 ಮತ್ತು ಒಂದು ರಾಜ ಬಂದಿದೆ ಎಂದುಕೊಳ್ಳಿ. ನಾಲ್ಕು ಸಣ್ಣ ಎಲೆಗಳು ಒಂದೇ ಚಿಹ್ನೆಯವಲ್ಲ. ರಾಜನನ್ನು ಬಿಟ್ಟು ಒಂದು ಎಲೆ ಎತ್ತುತ್ತೀರಿ. ನೀವು ನೋಡದ ಎಲೆಗಳು 47.

ಫೈವ್ ಕಾರ್ಡ್ ಡ್ರಾದಲ್ಲಿ ದೊಡ್ಡ ಕೈಗೆ ಗೆಲುವು. 2 ಅಥವಾ 7 ಬಂದರೆ ಸಾಲಾಗಿ ಐದು ಎಲೆ, ಅಂದರೆ ಸ್ಟ್ರೇಟ್ ಆಗುತ್ತದೆ. ಅಂಥ ಎಲೆಗಳು 8. ಸಾಧ್ಯತೆ ಶೇ. 17.

ಡ್ಯೂಸ್ ಟು ಸೆವೆನ್ ಎಂಬ ಆಟದಲ್ಲಿ ಚಿಕ್ಕ ಕೈಗೆ ಗೆಲುವು. ಇಲ್ಲಿ ಎಕ್ಕ ದೊಡ್ಡ ಎಲೆ. ಸ್ಟ್ರೇಟ್ ಆದರೆ ಅಥವಾ ಐದೂ ಒಂದೇ ಚಿಹ್ನೆಯವಾದರೆ ಕೈ ಕೆಟ್ಟಂತೆ. ಮೇಲಿನ ಆಟದಲ್ಲಿ ಗೆಲ್ಲಿಸಿದ ಅದೇ 8 ಎಲೆಗಳು ಇಲ್ಲಿ ಮುಳುಗಿಸುತ್ತವೆ. 8ಕ್ಕಿಂತ ದೊಡ್ಡ ಎಲೆ ಇಲ್ಲದ ಒಳ್ಳೆಯ ಕೈ ಬೇಕೆಂದರೆ ನಿಮಗೆ ನೆರವಾಗುವುದು ನಾಲ್ಕು 8ಗಳು ಮಾತ್ರ. ಸಾಧ್ಯತೆ ಶೇ. 8.5.

ಏಸ್ ಟು ಫೈವ್ ಆಟದಲ್ಲೂ ಚಿಕ್ಕ ಕೈಗೇ ಗೆಲುವು. ಆದರೆ ಎಕ್ಕವೇ ಎಲ್ಲಕ್ಕಿಂತ ಸಣ್ಣ ಎಲೆ, ಸ್ಟ್ರೇಟ್ ಆದರೂ ಚಿಂತೆಯಿಲ್ಲ. ಎಕ್ಕ, 2, 7, 8, ಯಾವುದು ಬಂದರೂ ಆಯಿತು. 16 ಎಲೆ, ಶೇ. 34.

ಇನ್ನು ಬಡುಗಿ. ನಮ್ಮ ಮರಗೆಲಸದ ಬಡಗಿಗೂ ಇದಕ್ಕೂ ಸಂಬಂಧವಿಲ್ಲ. ಇದರಲ್ಲಿ ನಾಲ್ಕೇ ಎಲೆ. ನಾಲ್ಕೂ ಬೇರೆ ಅಂಕಿ, ಬೇರೆ ಚಿಹ್ನೆಯವಾಗಿರಬೇಕು: ಒಂದು ಇಸ್ಪೇಟ್, ಒಂದು ಆಟಿನ್, ಒಂದು ಡೈಮನ್, ಒಂದು ಕಳಾವರ್. ನಿಮ್ಮ 3, 4, 5, 6 ಹಾಗಿದ್ದರೆ ಏನೂ ಬದಲಿಸಬೇಕಾಗಿಲ್ಲ, ಕೈ ತಯಾರು. ಎರಡು ಎಲೆ ಒಂದೇ ಚಿಹ್ನೆಯವಾದರೆ ಲೆಕ್ಕಕ್ಕೆ ಸಿಗುವುದು ಮೂರೇ.

ಎಲೆ ಬದಲಾಗಲಿಲ್ಲ, ಅದರ ಬೆಲೆ ಬದಲಾಯಿತು. ಹತ್ತು ನಿಮಿಷದಲ್ಲಿ ನಿಯಮ ತಲೆಗೆ ಹೋಗುತ್ತದೆ, ನಿಜ. ಆದರೆ ಸ್ಟ್ರೇಟ್ ಕಂಡರೆ ಖುಷಿಪಡುವ ಅಭ್ಯಾಸ ಹತ್ತು ನಿಮಿಷದಲ್ಲಿ ಹೋಗುವುದಿಲ್ಲ.

ಕಣ್ಣಿಗೆ ಕಾಣುವುದೇ ಬೇರೆ, ಲೆಕ್ಕವೇ ಬೇರೆ

ಡ್ಯೂಸ್ ಟು ಸೆವೆನ್‌ನಲ್ಲಿ 3-4-5-6 ಒಳ್ಳೆಯದೋ, 2-3-4-7 ಒಳ್ಳೆಯದೋ? ಚಿಕ್ಕ ಕೈ ಗೆಲ್ಲುವ ಆಟ ತಾನೇ, 7 ಇಲ್ಲದ ಮೊದಲನೆಯದೇ ವಾಸಿ ಎಂದು ಹೊಸಬರಿಗೆ ಅನಿಸುತ್ತದೆ. ಎಣಿಸಿ ನೋಡಿ. 2-3-4-7ಕ್ಕೆ 5, 6, 8 ಯಾವುದು ಬಂದರೂ ಒಳ್ಳೆಯ ಕೈ: 12 ಎಲೆ, ಶೇ. 25.5. ಮೂರು ಸಲ ಬದಲಿಸುವ ಅವಕಾಶವಿದ್ದರೆ ಇದು ಸುಮಾರು ಶೇ. 60ಕ್ಕೆ ಏರುತ್ತದೆ. 3-4-5-6ನ್ನೇ ಹಿಡಿದು ಕುಳಿತವರಿಗೆ ಸುಮಾರು ಶೇ. 24 ಮಾತ್ರ.

ಬಡುಗಿಯಲ್ಲೂ ಇಂಥದೇ ಮೋಹ. ನಾಲ್ಕು ಎಲೆಗಳ ಕೈಗಳು ಒಟ್ಟು 2,70,725. ಅದರಲ್ಲಿ ಹಂಚಿದಾಗಲೇ ಪೂರ್ಣವಾದ ಬಡುಗಿ 17,160, ಅಂದರೆ ಸುಮಾರು ಶೇ. 6. ಮೂರು ಎಲೆ ಸರಿಯಾಗಿದ್ದರೆ ಇನ್ನೊಂದೇ ತಾನೇ ಎನಿಸುತ್ತದೆ. ಆದರೆ ಬೇಕಾದದ್ದು ಉಳಿದ 48ರಲ್ಲಿ 10 ಎಲೆ. ಒಂದು ಸಲಕ್ಕೆ ಶೇ. 21, ಮೂರು ಸಲ ಬದಲಿಸಿದರೂ ಶೇ. 51. ಪ್ರತಿ ಸುತ್ತಿಗೂ ಪಣ ಕಟ್ಟುತ್ತಾ ಹೋದವರು ಹೆಚ್ಚುಕಡಿಮೆ ಅರ್ಧ ಸಲ ಅಪೂರ್ಣ ಕೈಯಲ್ಲೇ ಉಳಿಯುತ್ತಾರೆ.

ಅಲ್ಲಿ ಎಲ್ಲರೂ ಹೊಸಬರೇ?

ಹಾಗೆಂದು ನಂಬಲು ಆಧಾರವಿಲ್ಲ. ಲಾಸ್ ವೇಗಾಸ್‌ನಲ್ಲಿ ನಡೆಯುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಟ್ರಿಪಲ್ ಡ್ರಾಕ್ಕೂ ಬಡುಗಿಗೂ ಪ್ರತ್ಯೇಕ ಸ್ಪರ್ಧೆಗಳಿವೆ. ಈ ಲೆಕ್ಕಗಳನ್ನು ಬಾಯಿಪಾಠ ಮಾಡಿಕೊಂಡವರು ಜಗತ್ತಿನಲ್ಲಿ ಬಹಳ ಮಂದಿ. ಅಪರೂಪದ ಮೇಜನ್ನು ಹುಡುಕಿಕೊಂಡು ಬರುವವರು ಅವರೇ ಆಗಿರುವ ಸಾಧ್ಯತೆ ಹೆಚ್ಚು.

ಮೇಲಾಗಿ, ಆಡಿಸುವವರು ಪಣದಿಂದ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಇದಕ್ಕೆ ರೇಕ್ ಎನ್ನುತ್ತಾರೆ. ಮೇಜಿನಲ್ಲಿ ₹1000 ಸೇರಿ ಅದರಲ್ಲಿ ಶೇ. 5 ಕಡಿತವಾದರೆ ಗೆದ್ದವರಿಗೆ ಸಿಗುವುದು ₹950. ಎಲ್ಲರೂ ಸಮಬಲದವರಾದರೂ ಕೊನೆಗೆ ಎಲ್ಲರ ದುಡ್ಡೂ ಕರಗುತ್ತದೆ.

ಕಾನೂನು ಏನು ಹೇಳುತ್ತದೆ?

ಆನ್‌ಲೈನ್ ಪಣದ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೌಶಲದ ಆಟಕ್ಕೆ ತೊಂದರೆಯಿಲ್ಲ ಎಂಬ ಮಾತು ಆಗ ಬಲ ಪಡೆಯಿತು. ಫಾರ್ವರ್ಡ್‌ಗಳು ಇನ್ನೂ ಅಲ್ಲೇ ನಿಂತಿವೆ.

ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ವಿಧಿಸಬಹುದು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಸೇರಿದಂತೆ ಹಲವೆಡೆ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿದೆ. ದೇಶದ ದೊಡ್ಡ ಕಂಪನಿಗಳು 2025ರ ಆಗಸ್ಟ್‌ನಲ್ಲೇ ಹಣದ ಆಟ ನಿಲ್ಲಿಸಿದವು. ಹಾಗಿರುವಾಗ ಲಿಂಕ್ ಕಳಿಸಿ ಹಣ ಕಟ್ಟಿ ಎನ್ನುವವರು ಯಾರು ಎಂದು ಯೋಚಿಸಿ.

ಕಲಿಯುವ ಆಸೆಯಿದ್ದರೆ

ಆಟ ಚೆನ್ನಾಗಿದೆ, ಲೆಕ್ಕವೂ ಮಜವಾಗಿದೆ. ಕಲಿಯಲು ಒಂದು ಇಸ್ಪೀಟ್ ಕಟ್ಟು, ಒಂದು ಬೊಗಸೆ ಕಾಫಿ ಬೀಜ ಸಾಕು. ಬೀಜವನ್ನೇ ಪಣವಾಗಿಡಿ, ಆಟ ಮುಗಿದ ಮೇಲೆ ಡಬ್ಬಿಗೆ ಸುರಿಯಿರಿ. ಪ್ರತಿ ಆಟಕ್ಕೂ ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದಿಡಿ: ದೊಡ್ಡ ಕೈಗೆ ಗೆಲುವೋ ಚಿಕ್ಕದಕ್ಕೋ? ಎಕ್ಕ ದೊಡ್ಡದೋ ಸಣ್ಣದೋ? ಸ್ಟ್ರೇಟ್ ಆದರೆ ಲಾಭವೋ ನಷ್ಟವೋ? ಎಷ್ಟು ಸಲ ಎಲೆ ಬದಲಿಸಬಹುದು? ಮೊದಲ ಹತ್ತು ಕೈ ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟು ಆಡಿ. ಎಲೆ ಎತ್ತುವ ಮೊದಲು ನೆರವಾಗುವ ಎಲೆ ಎಷ್ಟು ಎಂದು ಬಾಯಿಬಿಟ್ಟು ಎಣಿಸಿ. ಒಂದು ಆಟದಲ್ಲಿ ಕೈ ಪಳಗಿದ ಮೇಲೆಯೇ ಇನ್ನೊಂದನ್ನು ಬೆರೆಸಿ.

ಈಗಾಗಲೇ ಯಾರಾದರೂ ಇಂಥ ಲಿಂಕ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಆಟ ಬಿಡಲಾಗದೆ ಒದ್ದಾಡುತ್ತಿರುವವರಿಗೆ ಟೆಲಿ ಮಾನಸ್‌ನ 14416 ಇದೆ, ಕರೆ ಉಚಿತ. ಸುಲಭ ಗೆಲುವಿನ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಈ ಎರಡು ಅಂಕಿಗಳನ್ನು ಕಳಿಸಿ: ಶೇ. 17, ಶೇ. 8.5. ಒಂದೇ ಕೈಗೆ ಎರಡು ಅಂಕಿ ಹೇಗೆ ಎಂದು ಅವರು ಕೇಳಿದರೆ, ಹೇಳಿಕೊಡಲು ಈಗ ನಿಮಗೆ ಗೊತ್ತಿದೆ.