ಕೆಟ್ಟ ಮೊಬೈಲಿನಲ್ಲಿ ಉಳಿದ ಹೊಲದ ಲೆಕ್ಕ

ಒಕ್ಕಲುತನದಲ್ಲಿ ಬಿತ್ತುವುದರಷ್ಟೇ ಬರೆದಿಡುವುದೂ ಮುಖ್ಯವಾದುದು. ಹಿಂದೆ ವಹಿಯಲ್ಲಿರುತ್ತಿದ್ದ ಲೆಕ್ಕವು ಈಗ ಅನೇಕರ ಮೊಬೈಲಿನಲ್ಲಿರುತ್ತದೆ. ಆ ಯಂತ್ರವು ಕೆಟ್ಟೊಡನೆ ಲೆಕ್ಕವೂ ಹೋಯಿತೆಂದು ಬಹುಜನರು ಕೈಚೆಲ್ಲುತ್ತಾರೆ. ಯಾವಾಗಲೂ ಹಾಗಾಗದೆಂಬುದನ್ನು, ಕೊಕಟನೂರಿನಲ್ಲಿ ನಾನು ಕಣ್ಣಾರೆ ಕಂಡ ಸಂಗತಿಯೊಂದರಿಂದ ವಾಚಕರ ಗಮನಕ್ಕೆ ತರಲಪೇಕ್ಷಿಸುತ್ತೇನೆ.

ಅಲ್ಲಿಯ ಜಮೀನುದಾರರೊಬ್ಬರು ಕಬ್ಬು ಕಡಿಯುವ ತಂಡದ ಮುಕಾದಮನಿಗೆ ಕೊಟ್ಟ ಮುಂಗಡವನ್ನೂ, ಅವನಿಂದ ಮರಳಿ ಬಂದ ಹಣವನ್ನೂ ತಮ್ಮ ಗುಂಡಿಯ ಮೊಬೈಲಿನಲ್ಲಿ ಸಂದೇಶಗಳಂತೆ ಬರೆದಿಡುತ್ತಿದ್ದರು. ಒಂದು ದಿನ ಅದರ ಪರದೆಯು ಒಡೆದು ಅಕ್ಷರವೇ ಕಾಣದಾಯಿತು. ಅದೇ ಹಂಗಾಮಿನಲ್ಲಿ ಬಾಕಿಯ ಕುರಿತು ವ್ಯಾಜ್ಯವೆದ್ದಿತು. ಒಂದು ಕಂತನ್ನು ತೀರಿಸಿದ್ದೇನೆಂದು ಮುಕಾದಮನೂ, ಇಲ್ಲವೆಂದು ಜಮೀನುದಾರರೂ ಪಟ್ಟು ಹಿಡಿದರು.

ಅವರ ಮನೆಯಲ್ಲಿ ಕಾಲೇಜು ಓದುತ್ತಿದ್ದ ಹುಡುಗನು ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದನು. ಮೊದಲು ಏನೂ ಆಗಲಿಲ್ಲ. ಆ ಕೇಬಲಿನಲ್ಲಿ ಚಾರ್ಜಿನ ಎರಡು ತಂತಿಗಳಿದ್ದವೇ ಹೊರತು ಮಾಹಿತಿಯ ಎರಡು ತಂತಿಗಳಿರಲಿಲ್ಲ. ಕೇಬಲನ್ನು ಬದಲಿಸಲು, ಕಂಪ್ಯೂಟರು ಇದು ಅಪರಿಚಿತ ಯಂತ್ರವೆಂದು ಹೇಳಿತು.

ಇದರ ಕಾರಣವು ಇಂತಿದೆ. 1996ರಲ್ಲಿ ಹೊರಬಂದ ಯು.ಎಸ್.ಬಿ. ಪದ್ಧತಿಯಲ್ಲಿ ಪ್ರತಿಯೊಂದು ಯಂತ್ರವೂ ತಯಾರಕರದೊಂದು, ಮಾದರಿಯದೊಂದು, ಹೀಗೆ ಎರಡು ಗುರುತಿನ ಸಂಖ್ಯೆಗಳನ್ನು ಹೇಳುತ್ತದೆ. ಕಂಪ್ಯೂಟರು ಅವನ್ನು ಓದಿ, ಆ ಯಂತ್ರದೊಡನೆ ಮಾತಾಡಬಲ್ಲ ಡ್ರೈವರ್ ಎಂಬ ತಂತ್ರಾಂಶವನ್ನು ಹುಡುಕುತ್ತದೆ. ಡ್ರೈವರ್ ಎಂದರೆ ದುಭಾಷಿ. ದುಭಾಷಿಯಿಲ್ಲದಿದ್ದರೆ ಮಾತು ನಿಂತಿತು. ಈ ಮೊಬೈಲಿನ ಡ್ರೈವರು ಎಲ್ಲಿಯೂ ದೊರೆಯಲಿಲ್ಲ.

ಹುಡುಗನು ಲಿಬ್‌ಯುಎಸ್‌ಬಿ ಎಂಬ ಉಚಿತ ಸಾಧನದ ಆಧಾರದಿಂದ ಡ್ರೈವರನ್ನು ತಾನೇ ಬರೆದನು. ಅನೇಕ ಗುಂಡಿಯ ಮೊಬೈಲುಗಳು ಮೋಡೆಮಿನಂತೆ ಎ.ಟಿ. ಆಜ್ಞೆಗಳಿಗೆ ಉತ್ತರಿಸುತ್ತವೆ, ಅದಕ್ಕೆ ಪರದೆಯು ಬೇಕಿಲ್ಲ. ಸಂದೇಶಗಳನ್ನು ಕೊಡೆಂದು ಆಜ್ಞಾಪಿಸಲು ಅವು ಒಂದೊಂದಾಗಿ ಹೊರಬಂದವು. ಒಳಗಿದ್ದ ಚಿತ್ರಗಳು ಮಾತ್ರ ಈ ದಾರಿಯಿಂದ ದೊರೆಯಲಿಲ್ಲ. ಮುಕಾದಮನು ಹೇಳಿದ ಕಂತು ಜಮೀನುದಾರರ ಸ್ವಂತ ಬರಹದಲ್ಲಿಯೇ ಜಮೆಯಾಗಿತ್ತು. ಅವರು ಅಂದೇ ಅವನನ್ನು ಕರೆಯಿಸಿ ಲೆಕ್ಕವನ್ನು ಸರಿಪಡಿಸಿದರು. ಈ ನಡತೆಯು ಅವರಿಗೆ ಶೋಭೆಯನ್ನೇ ತಂದಿತು.

ಇಂತಹ ಸಂದರ್ಭ ಬಂದಾಗ ಮೊದಲು ಮೆಮೊರಿ ಕಾರ್ಡಿದ್ದರೆ ಅದನ್ನು ತೆಗೆದು ಬೇರೆ ಓದಿಸಬೇಕು. ಅದಕ್ಕೆ ವಿಶೇಷ ಡ್ರೈವರು ಬೇಡ. ದುರಸ್ತಿಯವರು ಮೊಬೈಲನ್ನು ರೀಸೆಟ್ ಮಾಡಹೊರಟರೆ ತಡೆಯಬೇಕು, ಅದರಿಂದ ಮಾಹಿತಿಯು ಅಳಿಯುವುದು. ಗುರುತಿಲ್ಲದ ಡ್ರೈವರನ್ನು ಕಂಪ್ಯೂಟರಿಗೆ ಹಾಕಬಾರದು. ಬ್ಯಾಂಕಿನ ಸಂದೇಶಗಳಿರುವ ಮೊಬೈಲನ್ನು ಅಪರಿಚಿತರ ಕೈಗೆ ಕೊಡಬಾರದು. ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಮಾಹಿತಿಯು ಬೀಗಮುದ್ರೆಯಲ್ಲಿರುವುದರಿಂದ, ಗುಪ್ತಸಂಖ್ಯೆಯನ್ನು ಒತ್ತದೆ ಮನೆಯ ಡ್ರೈವರಿನಿಂದ ಅದನ್ನು ತೆಗೆಯಲಾಗದು.

ಆದಕಾರಣ ಊರಿನ ಹಿರಿಯರಲ್ಲಿಯೂ ಜಮೀನುದಾರರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೇ: ಎತ್ತುಗಳಿಗೆ ಬಿಡುವು ಕೊಡುವ ಪ್ರತಿ ಅಮಾವಾಸ್ಯೆಯಂದು ಮೊಬೈಲಿನ ಲೆಕ್ಕವನ್ನು ವಹಿಗೆ ಇಳಿಸಿ, ಕೆಲಸದವರಿಗೆ ಓದಿ ಹೇಳಿರಿ. ಎರಡು ಕಡೆಯಲ್ಲಿರುವ ಲೆಕ್ಕವು ದುಡಿದವರನ್ನೂ ದುಡಿಸಿದವರನ್ನೂ ಕಾಯುವುದು.