ಎಣಿಕೆಗೆ ಸಿಕ್ಕ ಮನುಷ್ಯಜನ್ಮ

ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಅವರ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ, ಅಂದರೆ ಆಹಾರ, ಶರೀರ, ಇಂದ್ರಿಯಾದಿ ಶಕ್ತಿಗಳು ಪೂರ್ಣಗೊಂಡವರ, ಸಂಖ್ಯೆ ನಿರೂಪಿತವಾಗಿದೆ:

79,22,81,62,51,42,64,33,75,93,54,39,50,336.

ಈ 29 ಅಂಕಗಳನ್ನು ಆಚಾರ್ಯರು ಅಕ್ಷರಗಳಲ್ಲಿ ಅಡಗಿಸಿ ಒಂದೇ ಪ್ರಾಕೃತ ಗಾಹೆಯಲ್ಲಿ ಹಿಡಿದಿಟ್ಟಿದ್ದಾರೆ. ಮೊದಲ ಅಕ್ಷರ ಬಿಡಿಸ್ಥಾನದ 6. ಅಲ್ಲಿಂದ ಎಡಕ್ಕೆ ಬರೆಯುತ್ತ ಹೋಗಬೇಕು.

ಸಂಖ್ಯೆಯ ಹುಟ್ಟು ಸರಳ. ಎರಡರ ವರ್ಗ 4. ಅದರ ವರ್ಗ 16. ಬಳಿಕ 256, 65,536. ಐದನೆಯ ವರ್ಗ 4,29,49,67,296. ಇದರ ಘನವೇ ಮೇಲಿನ ಸಂಖ್ಯೆ. 96 ಎರಡುಗಳನ್ನು ಪರಸ್ಪರ ಗುಣಿಸಿದರೂ ಅದೇ ಲಭಿಸುತ್ತದೆ. ಆದುದರಿಂದ ಒಂದರ ಹೊರತು ಬೇರಾವ ಬೆಸಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸದು. ಅರ್ಧ, ಅರ್ಧದ ಅರ್ಧ ಎಂದು 96 ಸಲ ಭಾಗಿಸಿದರೆ ಕೊನೆಗೆ ಉಳಿಯುವುದು ಒಂದು. ಹೀಗೆ ಅರ್ಧಿಸುವ ಸಲಗಳ ಎಣಿಕೆಗೆ ಜೈನ ಗಣಿತದಲ್ಲಿ ‘ಅರ್ಧಚ್ಛೇದ’ವೆಂದು ಹೆಸರು.

ಇಷ್ಟೊಂದು ಮನುಷ್ಯರಿರುವಾಗ ಮನುಷ್ಯಜನ್ಮ ದುರ್ಲಭವೆನ್ನುವುದೇಕೆ? ಉತ್ತರವೂ ಗಣಿತದಲ್ಲಿಯೇ ಇದೆ. ಈ ಸಂಖ್ಯೆ ಎಷ್ಟೇ ದೊಡ್ಡದಾದರೂ ಸಂಖ್ಯಾತ, ಎಣಿಸಿ ಮುಗಿಸಬಹುದಾದುದು. ನಿಗೋದದ ಒಂದೇ ಶರೀರದಲ್ಲಿರುವ ಜೀವಗಳಾದರೋ ಅನಂತ. ಅನಂತದ ಮುಂದೆ 29 ಅಂಕಗಳೂ ಬಿಂದುಮಾತ್ರ.

ಅನಂತ ಜೀವರಾಶಿಯ ನಡುವೆ ಎಣಿಕೆಗೆ ಸಿಗುವಷ್ಟೇ ಮಂದಿಗೆ ಈ ಗತಿ ಒದಗಿದೆ. ದೇವತೆಗಳಿಗೂ ದೊರೆಯದ ಮಹಾವ್ರತ, ಸಕಲಸಂಯಮಗಳು ಇಲ್ಲಿ ಮಾತ್ರ ಸಾಧ್ಯ. ಮೋಕ್ಷದ ಬಾಗಿಲೂ ಇಲ್ಲಿಯೇ. ಆಯುಷ್ಯವಾದರೋ ಅರ್ಧಚ್ಛೇದದಂತೆ ಕರಗುತ್ತಲೇ ಇದೆ. ಗೃಹಸ್ಥನು ಇಂದಿನ ಒಂದು ಸಾಮಾಯಿಕವನ್ನು ನಾಳೆಗೆ ಮುಂದೂಡದಿರಲಿ.