ಕೆಡ್ಡಸದ ಹೂವು, ತೋಟದ ಫಲ

ಮಕರ ಮಾಸ ಮುಗಿದು ಕುಂಭ ಸಂಕ್ರಮಣ ಹತ್ತಿರವಾಗುವ ಹೊತ್ತಿಗೆ ನಮ್ಮ ತುಳುನಾಡಿನಲ್ಲಿ ಕೆಡ್ಡಸ ಬರುತ್ತದೆ. ಭೂಮಿತಾಯಿ ಋತುಮತಿಯಾಗುವ ದಿನಗಳಿವು ಎಂಬುದು ಹಿರಿಯರ ನಂಬಿಕೆ. ಆ ಮೂರು ದಿನ ನೆಲ ಅಗೆಯುವಂತಿಲ್ಲ, ಹಸಿ ಗಿಡಮರ ಕಡಿಯುವಂತಿಲ್ಲ. ಕೃಷಿಕರ ದೃಷ್ಟಿಯಿಂದ ನೋಡಿದರೂ ಈ ಕಟ್ಟಳೆ ಬಹಳ ಸಕಾಲಿಕವಾದುದು. ಫೆಬ್ರವರಿಯ ಈ ವಾರಗಳಲ್ಲಿಯೇ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಿತ್ತಿಲುಗಳು ಹೂ ಬಿಡುತ್ತವೆ.

ಮನೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿ. ಕಾಟುಮಾವು ಮತ್ತು ಗೇರು ಹೂ ಬಿಟ್ಟಿವೆ. ಬೇಲಿಯ ಗ್ಲಿರಿಸೀಡಿಯಾ ಎಲೆ ಉದುರಿಸಿ ನಸುಗೆಂಪು ಹೂ ತಳೆದಿದೆ. ಕರಿಮೆಣಸಿನ ಬಳ್ಳಿ ಹಬ್ಬಿದ ಹೊಂಗಾರೆಯಲ್ಲಿ ಕೆಂಪು ಹೂ ಕಾಣುತ್ತದೆ, ಅಲ್ಲಿ ಗೊರವಂಕ, ಪಿಕಳಾರಗಳ ಗದ್ದಲ. ಕೇಪುಳದ ಗೊಂಚಲಿಗೆ ಚಿಟ್ಟೆಗಳು, ಬಾಳೆಯ ಪೂಂಬೆಗೆ ಹಗಲು ಸೂರಕ್ಕಿ, ಇರುಳು ಬಾವಲಿ. ನಾಗಬನದ ಸುರಗಿ ಅರಳಿತೆಂದರೆ ಜೇನಿನ ಸದ್ದು ಅಂಗಳಕ್ಕೆ ಕೇಳಿಸುತ್ತದೆ.

ಇದು ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ಬೆಳೆಗೂ ಇದಕ್ಕೂ ಇರುವ ಸಂಬಂಧವನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಯಾವ ಬೆಳೆಗೆ ಯಾರ ನೆರವು?

ಅಡಿಕೆಯ ವಿಷಯ ಮೊದಲು ಹೇಳೋಣ. ಒಂದು ಹಿಂಗಾರದಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ, ಹೆಣ್ಣು ಹೂಗಳು ಅನಂತರ ತೆರೆಯುತ್ತವೆ. ಆದುದರಿಂದ ಪರಾಗ ಹೆಚ್ಚಾಗಿ ಬೇರೆ ಮರದ ಹಿಂಗಾರದಿಂದಲೇ ಬರಬೇಕು. ಅದನ್ನು ಮುಖ್ಯವಾಗಿ ತರುವುದು ಗಾಳಿ. ಜೇನು ಅಡಿಕೆಯ ಗಂಡು ಹೂವಿಗೆ ಬರುವುದು ತನ್ನ ಮರಿಗಳಿಗೆ ಪರಾಗ ಒಯ್ಯುವುದಕ್ಕಾಗಿ. ಹಾಗಾಗಿ ಅಡಿಕೆಯಲ್ಲಿ ಜೇನಿಲ್ಲದಿದ್ದರೆ ಫಲವೇ ಇಲ್ಲ ಎಂದು ಹೇಳಲಾಗದು.

ಉಪಬೆಳೆಗಳ ಮಾತು ಹಾಗಲ್ಲ. ಗೇರಿನ ಪರಾಗ ಅಂಟುಗುಣದ್ದು, ಅದಕ್ಕೆ ಕೀಟಗಳೇ ಬೇಕು. ಅಡಿಕೆಯ ನಡುವೆ ಕೆಲವರು ನೆಟ್ಟಿರುವ ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹೂಮಳೆ ಬಿದ್ದು ಅಥವಾ ತುಂತುರು ನೀರಾವರಿ ಕೊಟ್ಟು ಎಂಟು ಹತ್ತು ದಿನಕ್ಕೆ ಹೂ ಅರಳಿದಾಗ, ಒಂದೆರಡು ದಿನಗಳಲ್ಲಿಯೇ ಗಿಡದಿಂದ ಗಿಡಕ್ಕೆ ಪರಾಗ ಸಾಗಬೇಕು. ಗಾಳಿಯೊಡನೆ ಹೆಜ್ಜೇನು, ತುಡುವೆ, ಮುಜಂಟಿಗಳು ಈ ಕೆಲಸ ಮಾಡುತ್ತವೆ.

ಕೊಕ್ಕೋದ ಕತೆ ಇನ್ನೂ ಸೋಜಿಗದ್ದು. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕಲೇಟು ಕಾರ್ಖಾನೆ ಆರಂಭವಾದ ಮೇಲೆ ಕೊಕ್ಕೋ ನಮ್ಮವರಿಗೆ ಇನ್ನಷ್ಟು ಹತ್ತಿರವಾಯಿತು. ಕಾಂಡದ ಮೇಲೆ ಬಿಡುವ ಅದರ ಪುಟ್ಟ ಹೂವಿನೊಳಗೆ ಜೇನು ಹೊಗಲಾರದು. ಗುಂಗುರಿನಷ್ಟು ಸಣ್ಣ ನೊಣವೊಂದು ಪರಾಗ ಮುಟ್ಟಿಸುತ್ತದೆ, ಮುಟ್ಟಿಸದಿದ್ದರೆ ಹೂ ಒಂದೆರಡು ದಿನದಲ್ಲಿ ಉದುರುತ್ತದೆ. ಆ ನೊಣ ಮೊಟ್ಟೆಯಿಟ್ಟು ಬೆಳೆಯುವುದು ಕೊಳೆಯುವ ತರಗೆಲೆಯಲ್ಲಿ, ಕೊಕ್ಕೋ ಸಿಪ್ಪೆಯಲ್ಲಿ, ಬಾಳೆದಿಂಡಿನ ತುಂಡಿನಲ್ಲಿ. ತೋಟವನ್ನು ಅಂಗಳದಂತೆ ಗುಡಿಸಿ ಬೆಂಕಿಯಿಟ್ಟವರು ಈ ನೊಣದ ತೊಟ್ಟಿಲಿಗೇ ಬೆಂಕಿಯಿಟ್ಟಂತೆ.

ಕಲಿಯಬೇಕಾದ ಪಾಠ

ಹೂವಿನ ಕಾಲದಲ್ಲಿ ವಿಷ ಚೆಲ್ಲಿದರೆ ಏನಾಗುತ್ತದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಗೇರು ಪ್ಲಾಂಟೇಶನ್‌ಗಳಲ್ಲಿ ಟೀ ಸೊಳ್ಳೆಯ ಹತೋಟಿಗೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಕಾಸರಗೋಡಿನಲ್ಲಿಯೂ ಹಾಗೆಯೇ ನಡೆಯಿತು. ಅದರ ನೋವನ್ನು ಆ ಊರಿನ ಮನೆಗಳು ಇಂದಿಗೂ ಅನುಭವಿಸುತ್ತಿವೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು. ಆದರೆ ಇತರ ಕೀಟನಾಶಕಗಳ ಡಬ್ಬಿಗಳು ನಮ್ಮ ಕೊಟ್ಟಿಗೆಗಳಲ್ಲಿ ಇಂದಿಗೂ ಇವೆ.

ತುಡುವೆಗೆ ಇನ್ನೊಂದು ಪೆಟ್ಟೂ ಬಿದ್ದಿತ್ತು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಹರಡಿ ಜೇನಿನ ಮರಿಗಳು ಸತ್ತು, ದಕ್ಷಿಣ ಭಾರತದಲ್ಲಿ ತುಡುವೆಯ ಬಹುಪಾಲು ಕುಟುಂಬಗಳು ನಾಶವಾದವು. ಅಟ್ಟದ ಮೇಲೆ ಖಾಲಿ ಪೆಟ್ಟಿಗೆ ಪೇರಿಸಿಟ್ಟ ಮನೆಗಳು ನಮ್ಮ ಜಿಲ್ಲೆಯಲ್ಲಿ ಅನೇಕ. ಅಳಿದುಳಿದ ಕುಟುಂಬಗಳಿಂದ ಸಂತತಿ ಮತ್ತೆ ಬೆಳೆಯಲು ವರ್ಷಗಳೇ ಬೇಕಾದವು. ಇಂದು ನಮ್ಮ ಹೂಗಳಿಗೆ ಬರುವುದು ಹಾಗೆ ಉಳಿದು ಬಂದ ಜೇನು.

ಈ ಜೇನಿಗೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಸಿವಿನ ಕಾಲ. ಮಳೆಗಾಲವನ್ನು ದಾಟಿಸುವ ದಾಸ್ತಾನು ಈ ಕೆಲವು ತಿಂಗಳುಗಳಲ್ಲಿಯೇ ಕೂಡಬೇಕು. ರಬ್ಬರ್ ಚಿಗುರಿದಾಗ ಎಲೆಯ ತೊಟ್ಟಿನಲ್ಲಿ ಒಸರುವ ಮಧು ಧಾರಾಳವಾಗಿ ಸಿಗುತ್ತದೆ ನಿಜ, ಆದರೆ ಮರಿ ಬೆಳೆಸಲು ಬೇಕಾದ ಪರಾಗ ಚಿಗುರಿನಲ್ಲಿಲ್ಲ. ಅದಕ್ಕೆ ಹಿತ್ತಿಲಿನ, ಗುಡ್ಡೆಯ, ತೋಟದ ಹೂಗಳೇ ಆಗಬೇಕು.

ಹೂವಿಗೆ ಬರುವವೆಲ್ಲ ಉಪಕಾರಿಗಳೆಂದು ನಾವು ಹೇಳುತ್ತಿಲ್ಲ. ಮಂಗಗಳಿಂದ, ನವಿಲುಗಳಿಂದ, ಕೊಕ್ಕೋ ಕೊರೆಯುವ ಅಳಿಲುಗಳಿಂದ ಆಗುವ ನಷ್ಟ ಬೆಳೆಗಾರರಿಗೆ ಗೊತ್ತೇ ಇದೆ. ಅವುಗಳ ಹತೋಟಿ ಬೇರೆಯೇ ವಿಷಯ. ಮಂಗನ ಮೇಲಿನ ಸಿಟ್ಟಿಗೆ ಗುಡ್ಡೆಯ ಮರಗಳನ್ನೆಲ್ಲ ಕಡಿದರೆ ಮಂಗ ತೋಟಕ್ಕೇ ಇಳಿಯುತ್ತದೆ, ಜೇನು ಮಾತ್ರ ಊರು ಬಿಡುತ್ತದೆ.

ಮಾಡಬಹುದಾದುದು ಇಷ್ಟು

ಕೊಯ್ಲಿನ ಗಡಿಬಿಡಿ ಕಡಿಮೆಯಾಗಿ ಆಳು ಸಿಕ್ಕಿದೊಡನೆ ಗುಡ್ಡೆ ಸವರುವುದು ನಮ್ಮ ರೂಢಿ. ಅದೂ ಹೂವಿನ ಕಾಲವೇ ಆಗಿರುತ್ತದೆ. ಒಮ್ಮೆಗೇ ಪೂರಾ ಸವರದೆ ಅರ್ಧ ಭಾಗವನ್ನು ಬಿಡಿ. ಗ್ಲಿರಿಸೀಡಿಯಾದ ಸೊಪ್ಪನ್ನು ಹೂ ಮುಗಿದ ಮೇಲೆ ಕಡಿಯಿರಿ, ಗೊಬ್ಬರಕ್ಕೆ ಏನೂ ಕೊರತೆಯಾಗದು. ತರಗೆಲೆಯನ್ನು ಸುಡದೆ ಕೊಕ್ಕೋ ಬುಡಕ್ಕೆ ಹರಡಿ, ಬಾಳೆದಿಂಡಿನ ತುಂಡುಗಳನ್ನೂ ಅಲ್ಲಿಯೇ ಹಾಕಿ. ಹಿಂಗಾರಕ್ಕಾಗಲಿ ಗೇರಿಗಾಗಲಿ ಔಷಧಿ ಅನಿವಾರ್ಯವಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಸಿಂಪಡಿಸಿ. ಜೇನು ಸಾಕುವ ನೆರೆಮನೆಯವರಿಗೆ ಹಿಂದಿನ ದಿನವೇ ತಿಳಿಸಿ. ಬಿಸಿಲು ಏರಿದ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನಾಲ್ಕು ಕಲ್ಲು ಹಾಕಿ ನೀರಿಡಿ, ಜೇನು ಕಲ್ಲಿನ ಮೇಲೆ ಕುಳಿತು ಕುಡಿಯುತ್ತದೆ. ನಾಗಬನದ ಜೀರ್ಣೋದ್ಧಾರ ಮಾಡುವವರು ಕಟ್ಟೆಯನ್ನು ಕಾಂಕ್ರೀಟಿನಿಂದ ಕಟ್ಟಿದರೂ ಸುರಗಿ, ನಾಗಸಂಪಿಗೆಗಳನ್ನು ಉಳಿಸಿಕೊಳ್ಳಬೇಕು. ಬನವೆಂದು ಹೆಸರು ಬಂದುದೇ ಮರಗಳಿಂದ.

ಇವುಗಳಲ್ಲಿ ಯಾವುದಕ್ಕೂ ಹೇಳಿಕೊಳ್ಳುವಂತಹ ಖರ್ಚಿಲ್ಲ, ಬೇಕಾದುದು ತಾಳ್ಮೆ ಮಾತ್ರ. ಹಿರಿಯರು ಮೂರು ದಿನ ಕತ್ತಿ ಕೆಳಗಿಟ್ಟರು. ಹಿತ್ತಿಲಿನ ಒಂದು ಮೂಲೆಯಲ್ಲಾದರೂ ಕೆಡ್ಡಸದಿಂದ ಬಿಸುವಿನವರೆಗೆ, ಎರಡು ತಿಂಗಳು, ನಾವು ಅದನ್ನು ಪಾಲಿಸೋಣ. ಅಡಿಕೆ ಕೊಯ್ಯುವ ಆಳಿಗೆ ಎಷ್ಟು ಪರದಾಡುತ್ತೇವೆಂದು ಎಲ್ಲರಿಗೂ ಗೊತ್ತು. ಪರಾಗ ಹೊರುವ ಆಳು ಮಾತ್ರ ಕರೆಯದೆ ಬರುತ್ತದೆ, ಸಂಬಳ ಕೇಳುವುದಿಲ್ಲ. ಅದರ ಊಟವನ್ನು ನಾವು ಕಡಿದು ಹಾಕದಿದ್ದರೆ ಸಾಕು.